ತನ್ನನ್ನು ತಾನರಿಯದ ಗೂಢಚಾರ

ಅರಸರಿಗೆ ಚರರೇ ಕಣ್ಣುಗಳೆಂಬುದು ನಮ್ಮ ನೀತಿಗ್ರಂಥಗಳು ಬಹುಕಾಲದಿಂದ ಹೇಳಿಕೊಂಡು ಬಂದಿರುವ ಮಾತು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ದೊರೆತ ಓಲೆಪ್ರತಿಯನ್ನಾಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕದ ಕೈಗಿತ್ತ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಮೊದಲನೆಯ ಅಧಿಕರಣದಲ್ಲಿಯೇ ಗೂಢಪುರುಷರ ವಿಚಾರ ಬರುತ್ತದೆ. ನೆಲೆನಿಂತು ಕೆಲಸಮಾಡುವ ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸರೆಂಬ ಐವರು ಒಂದು ಬಗೆ. ಅಲೆದಾಡುತ್ತ ಕೆಲಸಮಾಡುವ ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿಯರು ಇನ್ನೊಂದು ಬಗೆ. ಗೃಹಪತಿಕನು ಬೇಸಾಯಗಾರನಂತೆ ಇರುತ್ತಾನೆ; ವೈದೇಹಕನು ವರ್ತಕನಂತೆ ಅಂಗಡಿಯಿಟ್ಟು ಕುಳಿತಿರುತ್ತಾನೆ; ತಾಪಸನು ಜಡೆ ಬಿಟ್ಟು ಊರ ಹೊರಗೆ ನೆಲೆಸಿರುತ್ತಾನೆ. ವೇಷಗಳು ಬೇರೆ ಬೇರೆಯಾದರೂ ಇವರೆಲ್ಲರಿಗೂ ಸಮಾನವಾದುದೊಂದಿದೆ. ತಾನು ಯಾರ ಅನ್ನವನ್ನು ಉಣ್ಣುತ್ತಿದ್ದೇನೆ, ಯಾರ ಕಾರ್ಯಕ್ಕಾಗಿ ಸುಳ್ಳಾಡುತ್ತಿದ್ದೇನೆ ಎಂಬುದನ್ನು ಇವರಲ್ಲಿ ಪ್ರತಿಯೊಬ್ಬನೂ ಬಲ್ಲನು. ಗೂಢಪುರುಷನು ಲೋಕವನ್ನು ವಂಚಿಸುತ್ತಾನೆ. ತನ್ನನ್ನು ತಾನು ವಂಚಿಸಿಕೊಂಡವನಲ್ಲ.

ಇಪ್ಪತ್ತನೆಯ ಶತಮಾನವು ಈ ಕ್ರಮವನ್ನು ತಲೆಕೆಳಗು ಮಾಡಿ, ತಾನು ಚರನೆಂಬುದು ತನಗೇ ತಿಳಿಯದ ಚರನನ್ನು ಕಲ್ಪಿಸಿತು. ಅವನು ಎಲ್ಲರಂತೆ ಉಂಡು, ಉಟ್ಟು, ಪ್ರೀತಿಸಿ, ಕೂಲಿಮಾಡಿ ಬದುಕಿರುತ್ತಾನೆ. ಒಂದು ದಿನ ಯಾರೋ ಬಂದು ಗೊತ್ತಾದ ಕೆಲವು ಮಾತುಗಳನ್ನು ಅವನ ಕಿವಿಯಲ್ಲಿ ಉಚ್ಚರಿಸುತ್ತಾರೆ. ಅಷ್ಟಕ್ಕೆ ಅವನೊಳಗೆ ಅಡಗಿಸಿಟ್ಟಿದ್ದ ಘಾತುಕನು ಎಚ್ಚತ್ತು ನಿಲ್ಲುತ್ತಾನೆ. ಅಮೆರಿಕದಲ್ಲಿ 2015ರಲ್ಲಿ ತೆರೆಕಂಡ ‘ಅಮೆರಿಕನ್ ಅಲ್ಟ್ರಾ’ ಎಂಬ ಚಲನಚಿತ್ರವು ಈ ಕಲ್ಪನೆಯನ್ನು ನಗೆ ಮತ್ತು ಹೊಡೆದಾಟಗಳ ಪಾಕದಲ್ಲಿ ಬಡಿಸಿದೆ. ಹಳಗನ್ನಡದ ಪಾಠ ಹೇಳುವವನಿಗೆ ಇಂಗ್ಲಿಷ್ ಚಿತ್ರದ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಮನುಷ್ಯನೊಳಗೆ ಅವನರಿಯದಂತೆ ಒಂದು ವಿದ್ಯೆಯನ್ನು ತುಂಬಬಹುದೇ, ತುಂಬಿದರೆ ಅದು ವಿದ್ಯೆಯೆನಿಸೀತೇ ಎಂಬ ಪ್ರಶ್ನೆ ಈ ಚಿತ್ರದ ಗರ್ಭದಲ್ಲಿದೆ. ಅದು ಪಾಠಶಾಲೆಯ ಪ್ರಶ್ನೆ. ಆದುದರಿಂದ ಉಪಾಧ್ಯಾಯನಿಗೂ ಇದರಲ್ಲಿ ಮಾತಿನ ಹಕ್ಕುಂಟು.

ಮೊದಲು ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ವೆಸ್ಟ್ ವರ್ಜೀನಿಯಾ ಸಂಸ್ಥಾನದ ಲೈಮನ್ ಎಂಬ ಕಲ್ಪಿತವಾದ ಸಣ್ಣ ಊರು. ಅಲ್ಲಿ ಮೈಕ್ ಹೋವೆಲ್ ಎಂಬ ತರುಣನು ದಿನಸಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದಾನೆ. ಗಾಂಜಾ ಸೇದುವ ಚಟ, ಬಾಚದ ತಲೆ, ಯಾವುದರಲ್ಲಿಯೂ ನಿಲ್ಲದ ಮನಸ್ಸು, ಆದರೂ ಕೆಟ್ಟವನಲ್ಲ. ಫೀಬಿ ಎಂಬ ಹುಡುಗಿಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಾನೆ. ಅವಳನ್ನು ಹವಾಯಿ ದ್ವೀಪಕ್ಕೆ ಕರೆದೊಯ್ದು ಉಂಗುರ ತೊಡಿಸಬೇಕೆಂಬುದು ಅವನ ಬಯಕೆ. ಆದರೆ ಊರು ಬಿಟ್ಟು ಹೊರಡಬೇಕೆಂದೊಡನೆ ಅವನಿಗೆ ಹೇಳಲಾಗದ ಭೀತಿ ಹುಟ್ಟಿ, ಮೈ ನಡುಗಿ, ಹೊಟ್ಟೆ ತೊಳಸಿ, ಪಯಣ ಅಲ್ಲಿಗೇ ಮುರಿದುಬೀಳುತ್ತದೆ. ಬಿಡುವಿನಲ್ಲಿ ಅವನು ಗಗನಯಾತ್ರಿಯಾದ ವಾನರನೊಬ್ಬನ ಚಿತ್ರಕಥೆಯನ್ನು ಬರೆಯುತ್ತಿರುತ್ತಾನೆ.

ಈ ಮೈಕ್ ನಿಜವಾಗಿ ಅಮೆರಿಕದ ಕೇಂದ್ರ ಗುಪ್ತಚರ ಸಂಸ್ಥೆಯಾದ ಸಿ.ಐ.ಎ. ತಯಾರಿಸಿ, ನೆನಪನ್ನು ಅಳಿಸಿ, ಆ ಊರಿನಲ್ಲಿ ಇರಿಸಿದ ಶಿಕ್ಷಿತ ಘಾತುಕ. ‘ಅಲ್ಟ್ರಾ’ ಎಂಬುದು ಆ ಗುಪ್ತಯೋಜನೆಯ ಹೆಸರು. ಸಂಸ್ಥೆಯಲ್ಲಿ ಹೊಸದಾಗಿ ಮೇಲೇರಿದ ಯೇಟ್ಸ್ ಎಂಬ ಅಧಿಕಾರಿ, ಹಳೆಯ ಯೋಜನೆಯ ಈ ಶೇಷವನ್ನು ಇಲ್ಲವಾಗಿಸಲು ನಿಶ್ಚಯಿಸುತ್ತಾನೆ. ಯೋಜನೆಯನ್ನು ನಡೆಸಿದ್ದ ಲ್ಯಾಸೆಟರ್ ಎಂಬ ಅಧಿಕಾರಿಣಿಗೆ ಇದು ಸಹಿಸದೆ, ಅವಳು ತಾನೇ ಬಂದು ಅಂಗಡಿಯ ಕಟ್ಟೆಯೆದುರು ನಿಂತು ಸಂಕೇತವಾಕ್ಯಗಳನ್ನು ನುಡಿಯುತ್ತಾಳೆ. ಮೈಕ್‌ಗೆ ಒಂದು ಅಕ್ಷರವೂ ಅರ್ಥವಾಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ತನ್ನ ಕಾರಿನ ಬಳಿ ಏನೋ ಮಾಡುತ್ತಿದ್ದ ಇಬ್ಬರು ಮೇಲೇರಿ ಬಂದಾಗ, ಕೈಯಲ್ಲಿದ್ದ ಬಿಸಿ ಶ್ಯಾವಿಗೆಯ ಬಟ್ಟಲು ಮತ್ತು ಒಂದು ಚಮಚೆಯೇ ಆಯುಧವಾಗಿ ಇಬ್ಬರೂ ಹತರಾಗುತ್ತಾರೆ. ತಾನು ಮಾಡಿದುದನ್ನು ಕಂಡು ಮೈಕ್ ಭಯದಿಂದ ಫೀಬಿಗೆ ದೂರವಾಣಿಯಲ್ಲಿ ಕರೆಯುತ್ತಾನೆ. ಅಲ್ಲಿಂದ ಮುಂದೆ ಊರೆಲ್ಲ ರಣರಂಗ. ಫೀಬಿಯೂ ಅದೇ ಸಂಸ್ಥೆ ಅವನ ಕಾವಲಿಗೆ ಇಟ್ಟಿದ್ದವಳು; ಅವನನ್ನು ಪ್ರೀತಿಸಿದ್ದರಿಂದಲೇ ಅಲ್ಲಿ ಉಳಿದವಳು ಎಂಬುದು ನಡುವೆ ಹೊರಬೀಳುತ್ತದೆ.

ಮ್ಯಾಕ್ಸ್ ಲ್ಯಾಂಡಿಸ್ ಬರೆದು ನಿಮಾ ನೂರಿಜಾದೆ ನಿರ್ದೇಶಿಸಿದ ಈ ಚಿತ್ರದಲ್ಲಿ ಜೆಸ್ಸಿ ಐಸೆನ್‌ಬರ್ಗ್ ಮತ್ತು ಕ್ರಿಸ್ಟನ್ ಸ್ಟೀವರ್ಟ್ ಪ್ರಧಾನ ಪಾತ್ರಗಳಲ್ಲಿದ್ದಾರೆ. ರಕ್ತಪಾತವೂ ಮಾದಕದ್ರವ್ಯವೂ ಹೇರಳವಾಗಿರುವುದರಿಂದ ಇದು ಬಾಲಕರು ನೋಡತಕ್ಕ ಚಿತ್ರವಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ನನ್ನ ಕರ್ತವ್ಯ. ಆದರೆ ನೋಡತಕ್ಕ ವಯಸ್ಸಿನವರಿಗೆ ಇದರಲ್ಲಿ ಗುಣಗಳಿಲ್ಲವೆಂದು ಹೇಳಿದರೆ ಅನ್ಯಾಯವಾದೀತು.

ಭರತಮುನಿಯು ಹಾಸ್ಯಕ್ಕೆ ವಿಕೃತವಾದ ವೇಷ, ಅಲಂಕಾರ, ನಡೆನುಡಿಗಳನ್ನು ವಿಭಾವಗಳೆಂದು ಹೇಳಿದ್ದಾನೆ. ತಕ್ಕುದಲ್ಲದ್ದು ತಕ್ಕುದಲ್ಲದ ಎಡೆಯಲ್ಲಿ ಕಾಣಿಸಿದಾಗ ನಗೆ ಹುಟ್ಟುತ್ತದೆ. ಮಹಾಯೋಧನ ಕೈಯಲ್ಲಿ ಖಡ್ಗವಿದ್ದರೆ ವೀರ; ಸೋಮಾರಿ ಗುಮಾಸ್ತನ ಕೈಯಲ್ಲಿ ಚಮಚೆಯಿದ್ದರೆ ಹಾಸ್ಯ. ತಾನು ಮಾಡಿದ ಸಾಹಸಕ್ಕೆ ತಾನೇ ಬೆಚ್ಚುವವನನ್ನು ಕಂಡು ನಗದಿರುವುದು ಕಷ್ಟ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯಲ್ಲಿ ಆರು ಮೆಟ್ಟಿಲುಗಳಿವೆಯಷ್ಟೆ. ಈ ಚಿತ್ರವು ಹೊಡೆದಾಟಗಳಲ್ಲಿ ಕೊನೆಯ ಮೆಟ್ಟಿಲುಗಳಿಗೆ ಜಿಗಿಯುತ್ತದೆ; ಮೈಕ್ ಫೀಬಿಯರ ಸಂಭಾಷಣೆಯಲ್ಲಿ ಮೊದಲ ಮೆಟ್ಟಿಲಲ್ಲಿಯೇ ಮೃದುವಾಗಿ ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯದೇ ಅದರ ಸತ್ತ್ವ.

ಅಂಥ ಒಂದು ಸನ್ನಿವೇಶವನ್ನು ಎತ್ತಿ ಹೇಳಬೇಕು. ಮರಕ್ಕೆ ಬಡಿದು ನಜ್ಜುಗುಜ್ಜಾದ ಒಂದು ಕಾರನ್ನು ದೂರದಿಂದ ನೋಡುತ್ತ ಇಬ್ಬರೂ ಕುಳಿತಿದ್ದಾರೆ. ಆ ಮರ ಎಷ್ಟೋ ಕಾಲದಿಂದ ಅಲ್ಲಿಯೇ ನಿಂತಿತ್ತು, ಆ ಕಾರು ಹುಟ್ಟಿದಂದಿನಿಂದ ಓಡುತ್ತಲೇ ಇತ್ತು, ಓಡುವುದನ್ನು ನಿಂತದ್ದು ತಡೆದುಬಿಟ್ಟಿತು ಎಂದು ಮೈಕ್ ಯೋಚಿಸುತ್ತಾನೆ. ತಾನೇ ಆ ಮರವಾಗಿ ಫೀಬಿಯ ಬಾಳಿಗೆ ಅಡ್ಡ ನಿಂತಿದ್ದೇನೆಯೇ ಎಂಬ ಅಳುಕು ಅವನನ್ನು ಹಿಡಿಯುತ್ತದೆ. ಅವನ ನೆನಪನ್ನು ಅಳಿಸಿದವರು ಈ ಅಳುಕನ್ನು ಅಳಿಸಲಾರದೆ ಹೋದರು. ಪರರಿಗೆ ತನ್ನಿಂದ ಕೇಡಾಗುತ್ತಿದೆಯೋ ಎಂದು ತನ್ನನ್ನೇ ಕೇಳಿಕೊಳ್ಳುವ ಮನಸ್ಸು ಅಲ್ಲಿ ಜೀವಂತವಾಗಿದೆ. ಆಯುಧಕ್ಕೆ ಇಂಥ ಸಂದೇಹ ಹುಟ್ಟುವುದಿಲ್ಲ. ಮನುಷ್ಯನಿಗೆ ಮಾತ್ರ ಹುಟ್ಟುತ್ತದೆ.

ಇಲ್ಲಿ ನಮ್ಮ ಸಾಹಿತ್ಯದ ಒಂದು ಮರೆವನ್ನೂ ನೆನೆಯಬೇಕಾಗಿದೆ. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ವಿಷಕನ್ಯೆಯ ಪ್ರಸ್ತಾಪವಿದೆ. ಚಂದ್ರಗುಪ್ತನನ್ನು ಕೊಲ್ಲಲು ರಾಕ್ಷಸನು ಕಳುಹಿಸಿದ ಆಕೆಯನ್ನು ಚಾಣಕ್ಯನು ಪರ್ವತಕನ ಕಡೆಗೆ ತಿರುಗಿಸುತ್ತಾನೆ, ಪರ್ವತಕನು ಸಾಯುತ್ತಾನೆ. ಆ ಕಥೆಯನ್ನೇ ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಗದ್ಯಕೃತಿಯಾಗಿ ಕನ್ನಡಿಸಿದ್ದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಆ ನಾಟಕವನ್ನು ಪಾಠ ಹೇಳುವಾಗ ನಾವು ಇಬ್ಬರು ಮಂತ್ರಿಗಳ ಬುದ್ಧಿಕೌಶಲವನ್ನು ಹೊಗಳುತ್ತೇವೆ. ಆದರೆ ಆ ಕನ್ಯೆ ರಂಗಕ್ಕೆ ಬರುವುದಿಲ್ಲ. ಒಂದು ಮಾತನ್ನೂ ಆಡುವುದಿಲ್ಲ. ತನ್ನ ಮೈಯೇ ವಿಷವೆಂಬುದು ಅವಳಿಗೆ ಗೊತ್ತಿತ್ತೇ, ಆಮೇಲೆ ಅವಳ ಗತಿ ಏನಾಯಿತು ಎಂದು ನಾಟಕ ಕೇಳುವುದಿಲ್ಲ. ಓದುವ ನಾವೂ ಕೇಳುವುದಿಲ್ಲ. ಎಸೆದವನ ಹೆಸರು ಉಳಿಯಿತು, ಸತ್ತವನ ಹೆಸರು ಉಳಿಯಿತು. ನಡುವೆ ಹಾರಿದ ಬಾಣಕ್ಕೆ ಹೆಸರಿಲ್ಲ. ‘ಅಮೆರಿಕನ್ ಅಲ್ಟ್ರಾ’ ಆ ಬಾಣವನ್ನು ನಾಯಕನನ್ನಾಗಿ ಮಾಡಿ, ಅದಕ್ಕೆ ಹೆಸರು, ಮಾತು, ಪ್ರೀತಿ, ಭಯಗಳನ್ನು ಕೊಟ್ಟಿತು. ಈ ಅಂಶದಲ್ಲಿ ಒಂದು ಸಾಮಾನ್ಯ ವಿನೋದಚಿತ್ರವು ಮಹಾನಾಟಕವೊಂದು ಮಾಡದ ಕೆಲಸವನ್ನು ಮಾಡಿದೆಯೆಂದು ಒಪ್ಪಬೇಕು.

ಹೀಗೆ ಒಪ್ಪಿದ ಮೇಲೆಯೇ ನನ್ನ ಆಕ್ಷೇಪ ಆರಂಭವಾಗುತ್ತದೆ. ಅದನ್ನು ತಿಳಿಯಬೇಕಾದರೆ ‘ಅಲ್ಟ್ರಾ’ ಎಂಬ ಹೆಸರಿನ ಹಿಂದಿರುವ ನಿಜಸಂಗತಿಯನ್ನು ಅರಿತಿರಬೇಕು. ತಾನಾರೆಂದು ಬಲ್ಲ, ವೇಷ ಮರೆಸಿಕೊಂಡು ಶತ್ರುದೇಶದಲ್ಲಿ ವರ್ಷಗಟ್ಟಲೆ ನೆಲೆಸಿರುವ ಚರರು ಈ ಕಾಲದಲ್ಲಿಯೂ ಉಂಟು. 2010ರ ಜೂನ್‌ನಲ್ಲಿ ಅಮೆರಿಕದಲ್ಲಿ ಸೆರೆಸಿಕ್ಕ ಹತ್ತು ಮಂದಿ ರಷ್ಯದ ಚರರು ಅಂಥವರು. ಅವರು ಕೌಟಿಲ್ಯನ ಗೃಹಪತಿಕರ ಸಂತತಿ. ತನ್ನನ್ನರಿಯದ ಚರನಾದರೋ ಕೊರಿಯಾ ಯುದ್ಧದ ಭೀತಿಯಲ್ಲಿ ಮೊಳೆತ ಕಲ್ಪನೆ. ‘ಮಿದುಳು ತೊಳೆಯುವುದು’ ಎಂಬ ಮಾತನ್ನು ಎಡ್ವರ್ಡ್ ಹಂಟರ್ ಎಂಬ ಪತ್ರಕರ್ತನು 1950ರಲ್ಲಿ ಇಂಗ್ಲಿಷಿನಲ್ಲಿ ಬಳಕೆಗೆ ತಂದನು. ಯುದ್ಧ ಮುಗಿದಾಗ ಸೆರೆಯಲ್ಲಿದ್ದ ಅಮೆರಿಕದ ಸೈನಿಕರಲ್ಲಿ 21 ಮಂದಿ ಸ್ವದೇಶಕ್ಕೆ ಮರಳಲು ಒಪ್ಪಲಿಲ್ಲ. ಶತ್ರುಗಳು ಮನುಷ್ಯನ ಮನಸ್ಸನ್ನೇ ಬದಲಿಸುವ ಯಾವುದೋ ವಿದ್ಯೆಯನ್ನು ಕಂಡುಹಿಡಿದಿದ್ದಾರೆಂಬ ಅಂಜಿಕೆ ಹಬ್ಬಿತು. ರಿಚರ್ಡ್ ಕಾಂಡನ್‌ನ ‘ದಿ ಮಂಚೂರಿಯನ್ ಕ್ಯಾಂಡಿಡೇಟ್’ ಕಾದಂಬರಿ 1959ರಲ್ಲಿಯೂ ಅದರ ಚಲನಚಿತ್ರ 1962ರಲ್ಲಿಯೂ ಹೊರಬಂದವು. ಅನಂತರ ಬಂದ ಇಂಥ ಚಿತ್ರಗಳಿಗೆಲ್ಲ ಅದೇ ಮೂಲ.

ಕಥೆಗಾರರು ಕಥೆ ಬರೆಯುವುದಕ್ಕೂ ಮುನ್ನವೇ ಸರ್ಕಾರವು ಪ್ರಯೋಗಕ್ಕೆ ಇಳಿದಿತ್ತು. ಶತ್ರುವಿನಲ್ಲಿ ಇದೆಯೆಂದು ಅಂಜಿದ ವಿದ್ಯೆಯನ್ನು ತಾನೂ ಸಂಪಾದಿಸಬೇಕೆಂದು ಸಿ.ಐ.ಎ. ಬಯಸಿತು. ಅದರ ಮುಖ್ಯಸ್ಥ ಆಲನ್ ಡಲ್ಲಸ್ 1953ರ ಏಪ್ರಿಲ್ 13ರಂದು ‘ಎಂ.ಕೆ. ಅಲ್ಟ್ರಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟನು. ಸಿಡ್ನಿ ಗಾಟ್ಲೀಬ್ ಎಂಬ ರಸಾಯನಶಾಸ್ತ್ರಜ್ಞನು ಅದನ್ನು ನಡೆಸಿದನು. ಮನುಷ್ಯರಿಗೆ ಅವರ ಒಪ್ಪಿಗೆಯಿಲ್ಲದೆ, ಅವರಿಗೆ ತಿಳಿಸದೆ, ಎಲ್.ಎಸ್.ಡಿ. ಮೊದಲಾದ ಭ್ರಾಂತಿಕಾರಕ ಔಷಧಗಳನ್ನು ಕೊಟ್ಟು ಏನಾಗುತ್ತದೆಂದು ನೋಡುವುದು ಆ ಯೋಜನೆಯ ಒಂದು ಭಾಗವಾಗಿತ್ತು. ಸಂಸ್ಥೆಯ ಒಳಗಿನ ತಪಾಸಣಾಧಿಕಾರಿಯೇ 1963ರಲ್ಲಿ ಇದನ್ನು ಆಕ್ಷೇಪಿಸಬೇಕಾಯಿತು. 1973ರಲ್ಲಿ ಅಂದಿನ ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್‌ನ ಆಜ್ಞೆಯಂತೆ ಕಾಗದಪತ್ರಗಳನ್ನು ನಾಶಮಾಡಲಾಯಿತು. ಆದರೂ 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವಿಚಾರಣೆಯಿಂದ ಸಂಗತಿ ಬಯಲಿಗೆ ಬಂದಿತು. 1977ರಲ್ಲಿ ಹಣಕಾಸಿನ ಕಡತಗಳ ನಡುವೆ ಉಳಿದುಹೋಗಿದ್ದ ಸುಮಾರು 20,000 ಪುಟಗಳು ದೊರೆತವು. ಒಟ್ಟು 149 ಉಪಯೋಜನೆಗಳು, 80 ಸಂಸ್ಥೆಗಳು ಎಂದು ಆ ವರ್ಷ ಸೆನೆಟ್ಟಿನ ಮುಂದೆ ಲೆಕ್ಕ ಒಪ್ಪಿಸಲಾಯಿತು. ಆ 80ರಲ್ಲಿ 44 ಕಾಲೇಜುಗಳು ಹಾಗೂ ವಿಶ್ವವಿದ್ಯಾಲಯಗಳು. ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಬರೆಯುವಾಗ ಈ ಸಂಖ್ಯೆಯ ಮುಂದೆ ಲೇಖನಿ ತಾನಾಗಿ ನಿಲ್ಲುತ್ತದೆ.

ಇಲ್ಲಿ ಸಿಕ್ಕಿದವರು ಯಾರು? ಫ್ರ್ಯಾಂಕ್ ಓಲ್ಸನ್ ಎಂಬ ಸೇನೆಯ ವಿಜ್ಞಾನಿಗೆ 1953ರ ನವೆಂಬರ್‌ನಲ್ಲಿ ಅವನರಿಯದಂತೆ ಪಾನೀಯದಲ್ಲಿ ಎಲ್.ಎಸ್.ಡಿ. ಬೆರೆಸಿ ಕೊಟ್ಟರು. ಕೆಲವೇ ದಿನಗಳಲ್ಲಿ, 28ರಂದು, ನ್ಯೂಯಾರ್ಕಿನ ಹೋಟೆಲೊಂದರ ಮೇಲಂತಸ್ತಿನಿಂದ ಬಿದ್ದು ಅವನು ಸತ್ತನು. ಔಷಧದ ಸಂಗತಿ ಹೆಂಡತಿ ಮಕ್ಕಳಿಗೆ ತಿಳಿದದ್ದು 22 ವರ್ಷಗಳ ಮೇಲೆ. ರಾಷ್ಟ್ರಾಧ್ಯಕ್ಷ ಫೋರ್ಡ್ ಅವರಲ್ಲಿ ಕ್ಷಮೆ ಕೇಳಿದನು. ಚಿತ್ರದ ಕಥೆ ನಡೆಯುವ ವೆಸ್ಟ್ ವರ್ಜೀನಿಯಾದ ನೆರೆಯ ಸಂಸ್ಥಾನವಾದ ಕೆಂಟುಕಿಯ ಲೆಕ್ಸಿಂಗ್ಟನ್‌ನಲ್ಲಿ ಮಾದಕವ್ಯಸನಿಗಳಾದ ಕೈದಿಗಳ ಆಸ್ಪತ್ರೆಯೊಂದಿತ್ತು. ಅಲ್ಲಿ ಏಳು ಮಂದಿಗೆ 77 ದಿನಗಳ ಕಾಲ ಒಂದೇ ಸಮನೆ ಎಲ್.ಎಸ್.ಡಿ. ಕೊಡಲಾಯಿತು. ಪ್ರಯೋಗಕ್ಕೆ ಒಪ್ಪಿದ ಕೈದಿಗಳಿಗೆ ಅಲ್ಲಿ ಸಲ್ಲುತ್ತಿದ್ದ ಪ್ರತಿಫಲವೆಂದರೆ ಅವರು ಯಾವ ವಿಷದ ಚಟದಿಂದ ಕೆಟ್ಟಿದ್ದರೋ ಅದೇ ವಿಷ. ಕೆನಡಾದ ಮಾಂಟ್ರಿಯಾಲಿನಲ್ಲಿ ಇವೆನ್ ಕ್ಯಾಮರೂನ್ ಎಂಬ ಮನೋವೈದ್ಯನು, ಮನಸ್ಸಿನ ಶಾಂತಿಯನ್ನು ಅರಸಿ ಬಂದ ರೋಗಿಗಳನ್ನು ವಾರಗಟ್ಟಲೆ ನಿದ್ರೆಯಲ್ಲಿ ಕೆಡವಿ, ಮೇಲಿಂದ ಮೇಲೆ ವಿದ್ಯುದಾಘಾತ ಕೊಟ್ಟು, ಮುದ್ರಿಸಿದ ಮಾತುಗಳನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿಸಿದನು. ಹಳೆಯ ಮನಸ್ಸನ್ನು ಒರೆಸಿ ಹೊಸದನ್ನು ಬರೆಯುವುದು ಅವನ ಸಂಕಲ್ಪ. 1957ರಿಂದ ಕೆಲವು ವರ್ಷ ಸಿ.ಐ.ಎ. ಮರೆಯಲ್ಲಿ ನಿಂತು ಅವನಿಗೆ ಹಣ ಕೊಟ್ಟಿತು. ಒರೆಸುವ ಕೆಲಸವೇನೋ ನಡೆಯಿತು; ಹಡೆದ ಮಕ್ಕಳ ಗುರುತನ್ನೂ, ಎಳೆತನದಲ್ಲಿ ಕಲಿತ ಶೌಚದ ಅಭ್ಯಾಸವನ್ನೂ ಮರೆತವರಿದ್ದರು. ಹೊಸದನ್ನು ಬರೆಯುವ ಕೆಲಸ ಮಾತ್ರ ನಡೆಯಲೇ ಇಲ್ಲ. 1992ರಲ್ಲಿ ಕೆನಡಾ ಸರ್ಕಾರ ಪರಿಹಾರದ ಏರ್ಪಾಡು ಮಾಡಿ, 77 ಮಂದಿಗೆ ತಲಾ ಒಂದು ಲಕ್ಷ ಡಾಲರು ಕೊಟ್ಟಿತು.

ಈಗ ಚಿತ್ರದ ಕಥೆಗೂ ನಡೆದ ಕಥೆಗೂ ಇರುವ ಅಂತರವನ್ನು ನೋಡೋಣ. ಮೈಕ್‌ನ ನೆನಪನ್ನು ಒರೆಸಿದಾಗ ಒಳಗಿನಿಂದ ಒಬ್ಬ ಅಜೇಯ ಯೋಧ ಹೊರಬರುತ್ತಾನೆ. ನಡೆದ ಕಥೆಯಲ್ಲಿ ನೆನಪನ್ನು ಒರೆಸಿದಾಗ ಬರಿದಾದ ಮನುಷ್ಯನೊಬ್ಬ ಉಳಿದನು, ಅಷ್ಟೆ. ಆ ಯೋಜನೆಯಿಂದ ತನ್ನನ್ನರಿಯದ ನಿಪುಣ ಚರನೊಬ್ಬನು ಹುಟ್ಟಿದನೆಂಬುದಕ್ಕೆ ಹೊರಬಂದ ಕಾಗದಪತ್ರಗಳಲ್ಲಿ ಆಧಾರವಿಲ್ಲ. ಅತಿಶಯೋಕ್ತಿ ಕಾವ್ಯಕ್ಕೆ ಅಲಂಕಾರ. ಅದನ್ನು ನಾನು ದೂರುವವನಲ್ಲ. ಆದರೆ ಈ ಅತಿಶಯೋಕ್ತಿ ಯಾವ ಪಕ್ಷಕ್ಕೆ ಸಹಾಯಕವಾಗಿದೆಯೆಂದು ವಿಚಾರಿಸಬೇಕು. ಹಿಂಸೆಯ ಕೊನೆಗೆ ವರವೊಂದು ದೊರೆಯಿತೆಂದು ಕಥೆ ಹೇಳಿದರೆ, ಹಿಂಸಿಸಿದವನು ವರದಾತನಾಗಿಬಿಡುತ್ತಾನೆ. ‘ನಿನ್ನನ್ನು ಕೆಡಿಸಿದರು, ನಿಜ, ಆದರೆ ನೋಡು, ನಿನಗೆ ಎಂಥ ಕೈಚಳಕ ಬಂದಿದೆ’ ಎಂದು ಪ್ರೇಕ್ಷಕನು ಮನಸ್ಸಿನಲ್ಲಿ ಹೇಳಿಕೊಂಡು ಸಮಾಧಾನದಿಂದ ಮನೆಗೆ ಹೋಗುತ್ತಾನೆ. ಮಾಂಟ್ರಿಯಾಲಿನ ರೋಗಿಗಳಿಗೆ ಆ ಸಮಾಧಾನವಿರಲಿಲ್ಲ.

ಚಿತ್ರದ ಮುಕ್ತಾಯವು ಈ ದೋಷವನ್ನು ಇಮ್ಮಡಿಸಿದೆ. ಯೇಟ್ಸ್‌ನು ತನ್ನ ಮೇಲಧಿಕಾರಿಯ ಕೈಯಿಂದಲೇ ಹತನಾಗುತ್ತಾನೆ. ಮೈಕ್‌ನನ್ನು ಕೊಲ್ಲುವುದಕ್ಕಿಂತ ಬಳಸಿಕೊಳ್ಳುವುದು ಲಾಭವೆಂದು ಲ್ಯಾಸೆಟರ್ ಅವನ ಪ್ರಾಣ ಉಳಿಸುತ್ತಾಳೆ. ಆರು ತಿಂಗಳ ಮೇಲೆ ನಾವು ಅವನನ್ನು ಮನಿಲಾ ನಗರದಲ್ಲಿ ಕಾಣುತ್ತೇವೆ. ಈಗ ಅವನು ಒಳ್ಳೆಯ ಉಡುಪು ತೊಟ್ಟು, ಫೀಬಿಯೊಡನೆ, ಅದೇ ಸಂಸ್ಥೆಯ ಊಳಿಗದಲ್ಲಿದ್ದಾನೆ. ಊರ ಗಡಿ ದಾಟಲಾರದವನು ಕಡಲು ದಾಟಿದನೆಂದು ಚಿತ್ರ ಹಿಗ್ಗುತ್ತದೆ. ತನ್ನ ಬಾಲ್ಯವನ್ನೂ ನೆನಪನ್ನೂ ಕದ್ದವರ ಬಾಗಿಲಿಗೆ ಅವನು ಮರಳಿ ಆಳಾಗಿ ಬಂದುದನ್ನು ಮಂಗಳವೆಂದು ಹೇಳಿ ತೆರೆ ಎಳೆಯುತ್ತದೆ. ‘ನನ್ನಿಂದ ಏನನ್ನು ತೆಗೆದುಕೊಂಡಿರಿ?’ ಎಂಬ ಲೆಕ್ಕವನ್ನು ಅವನು ಯಾರ ಮುಂದೆಯೂ ಇಡುವುದಿಲ್ಲ. ಯೇಟ್ಸ್‌ನು ಕಟ್ಟಿದ ಎರಡನೆಯ ಯೋಜನೆಯಲ್ಲಿ ಮಾನಸಿಕ ರೋಗಿಗಳನ್ನೇ ಘಾತುಕರನ್ನಾಗಿ ಮಾಡಿದ್ದ ಸಂಗತಿ ಕಥೆಯಲ್ಲಿದೆ. ಅವರು ಸಾಲುಸಾಲಾಗಿ ಸಾಯುತ್ತಾರೆ, ನಾವು ನಗುತ್ತೇವೆ. ಅವರೂ ಮೈಕ್‌ನಂತೆಯೇ ಎಸೆಯಲ್ಪಟ್ಟ ಬಾಣಗಳು. ವಿಷಕನ್ಯೆಗೆ ಮಾತು ಕೊಟ್ಟ ಚಿತ್ರವು ಅವಳ ತಂಗಿಯರನ್ನು ಮೂಕರಾಗಿಯೇ ಕೊಂದಿತು.

ನಗಿಸುವುದಕ್ಕೆಂದು ಮಾಡಿದ ಚಿತ್ರವನ್ನು ಇಷ್ಟು ತೂಗಬೇಕೇ ಎಂದು ಕೆಲವರು ಕೇಳಿಯಾರು. ಹಾಸ್ಯಕ್ಕೂ ಕರುಣಕ್ಕೂ ವಿರೋಧವುಂಟೆಂದು ಆಲಂಕಾರಿಕರೇ ಹೇಳಿರುವಾಗ, ನಗೆಯ ಕಥೆಯಲ್ಲಿ ಕಣ್ಣೀರನ್ನು ಬೇಡುವುದು ರಸಾಭಾಸವಲ್ಲವೇ ಎಂದೂ ಆಕ್ಷೇಪಿಸಬಹುದು. ಇದಕ್ಕೆ ಉತ್ತರ ಅಮೆರಿಕದ ಚಿತ್ರಲೋಕದಲ್ಲಿಯೇ ಇದೆ. ಚಾರ್ಲಿ ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ 1936ರಲ್ಲಿ ಬಂದಿತು. ಕಾರ್ಖಾನೆಯಲ್ಲಿ ದಿನವೆಲ್ಲ ತಿರುಪು ಬಿಗಿಯುವ ಕಾರ್ಮಿಕನ ಕೈಗಳು, ಕೆಲಸ ನಿಂತ ಮೇಲೆಯೂ ಅವನ ಮಾತನ್ನು ಕೇಳದೆ ತಿರುಪು ಬಿಗಿಯುತ್ತಲೇ ಇರುತ್ತವೆ. ಅಲ್ಲಿಯೂ ಮನಸ್ಸರಿಯದೆ ಮೈ ದುಡಿಯುತ್ತದೆ. ಅಲ್ಲಿಯೂ ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಆದರೆ ಆ ಕೈಗಳನ್ನು ಹಾಗೆ ಮಾಡಿದ ಯಂತ್ರವೂ ಅದರ ಒಡೆಯನೂ ನಮ್ಮ ಕಣ್ಣಿನಿಂದ ಒಂದು ಕ್ಷಣವೂ ಮರೆಯಾಗುವುದಿಲ್ಲ. ಕೊನೆಯಲ್ಲಿ ಅವನು ಯಂತ್ರದ ಬಳಿಗೆ ಮರಳುವುದಿಲ್ಲ. ಜೊತೆಗಾತಿಯ ಕೈಹಿಡಿದು ತೆರೆದ ಹಾದಿಯಲ್ಲಿ ನಡೆದುಹೋಗುತ್ತಾನೆ. ಹಾಸ್ಯವು ಕರುಣವನ್ನು ಕೊಲ್ಲದೆಯೇ ಗೆಲ್ಲಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ‘ಅಮೆರಿಕನ್ ಅಲ್ಟ್ರಾ’ದಿಂದ ನಾನು ಕೇಳುವುದು ಕಣ್ಣೀರನ್ನಲ್ಲ; ಎಸೆದ ಕೈಯನ್ನು ಮರೆಯದಿರುವಷ್ಟು ಎಚ್ಚರವನ್ನು.

ಇನ್ನು ನಮ್ಮ ಶಾಲೆಗೆ ಸಲ್ಲುವ ಮಾತು. ಮೈಕ್ ಬರೆಯುತ್ತಿದ್ದ ಚಿತ್ರಕಥೆಯ ನಾಯಕನು ಗಗನಕ್ಕೆ ಹಾರಿದ ವಾನರನೆಂದು ಹೇಳಿದೆನಷ್ಟೆ. ಅದನ್ನು ಕಂಡಾಗ ಎರಡು ವಾನರರ ಕಥೆ ನೆನಪಿಗೆ ಬರುತ್ತದೆ. ಒಂದು ಚರಿತ್ರೆಗೆ ಸೇರಿದ್ದು. 1961ರ ಜನವರಿ 31ರಂದು ಅಮೆರಿಕವು ಹ್ಯಾಮ್ ಎಂಬ ಚಿಂಪಾಂಜಿಯನ್ನು ಕ್ಷಿಪಣಿಯ ತುದಿಯಲ್ಲಿ ಕೂರಿಸಿ ಅಂತರಿಕ್ಷಕ್ಕೆ ಕಳುಹಿಸಿತು. ದೀಪ ಹೊಳೆದೊಡನೆ ಸನ್ನೆಯನ್ನು ಒತ್ತುವಂತೆ ಅದನ್ನು ಪಳಗಿಸಿದ್ದರು. ಸರಿಯಾಗಿ ಒತ್ತಿದರೆ ಬಾಳೆಹಣ್ಣಿನ ಗುಳಿಗೆ. ತಪ್ಪಿದರೆ ಅಂಗಾಲಿಗೆ ವಿದ್ಯುತ್ತಿನ ಪೆಟ್ಟು. ಹ್ಯಾಮ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿ ಜೀವಸಹಿತ ಮರಳಿತು. ಆದರೆ ತಾನು ಎಲ್ಲಿಗೆ ಹೋಗಿದ್ದೆ, ಏಕೆ ಹೋಗಿದ್ದೆ ಎಂಬುದನ್ನು ಅದು ಅರಿಯಲಿಲ್ಲ.

ಇನ್ನೊಂದು ರಾಮಾಯಣಕ್ಕೆ ಸೇರಿದ್ದು. ಕಡಲ ತಡಿಯಲ್ಲಿ ವಾನರವೀರರೆಲ್ಲ ತಮ್ಮ ತಮ್ಮ ಬಲವನ್ನು ಎಣಿಸಿಕೊಂಡು ಕೈಚೆಲ್ಲಿ ಕುಳಿತಿದ್ದಾಗ, ಹನುಮಂತನು ಒಂದೆಡೆ ಸುಮ್ಮನೆ ಕುಳಿತಿರುತ್ತಾನೆ. ತನ್ನ ಸತ್ತ್ವ ತನಗೇ ತಿಳಿಯದಂತೆ ಅವನಿಗೆ ಋಷಿಶಾಪವಿತ್ತೆಂಬುದು ಪ್ರಸಿದ್ಧವಾದ ಕಥೆ. ಹಿರಿಯನಾದ ಜಾಂಬವಂತನು ಬಳಿಗೆ ಬಂದು ಅವನ ಹುಟ್ಟು, ಬಾಲ್ಯ, ಬಲಗಳನ್ನು ಒಂದೊಂದಾಗಿ ನೆನಪಿಸುತ್ತಾನೆ. ಹನುಮಂತನು ಬೆಳೆದು ನಿಲ್ಲುತ್ತಾನೆ. ಮೇಲುನೋಟಕ್ಕೆ ಲ್ಯಾಸೆಟರ್ ಅಂಗಡಿಯ ಕಟ್ಟೆಯೆದುರು ಮಾಡಿದ್ದೂ ಇದೇ. ಒಳಹೊಕ್ಕು ನೋಡಿದರೆ ಆಕಾಶಕ್ಕೂ ಭೂಮಿಗೂ ಇರುವಷ್ಟು ಭೇದ. ಲ್ಯಾಸೆಟರಳ ಮಾತು ಮೈಕ್‌ಗೆ ಅರ್ಥವಾಗಲಿಲ್ಲ, ಅರ್ಥವಾಗುವ ಅಗತ್ಯವೂ ಇರಲಿಲ್ಲ. ಅದು ಬೀಗಕ್ಕೆ ಹಾಕಿದ ಕೀಲಿಕೈ. ಜಾಂಬವಂತನ ಮಾತು ಅರ್ಥವಾದುದರಿಂದಲೇ ಫಲಿಸಿತು. ಅವನು ಹನುಮಂತನಿಗೆ ಕೊಟ್ಟದ್ದು ಅವನದೇ ನೆನಪನ್ನು. ತೋರಿಸಿದ್ದು ಅವನು ಬಲ್ಲ ಕಾರ್ಯವನ್ನು. ಏಕೆ ಹಾರುತ್ತಿದ್ದೇನೆಂದು ಅರಿತು, ಒಪ್ಪಿ, ಹನುಮಂತನು ಹಾರಿದನು.

ಕೈಗೆ ಅಭ್ಯಾಸ ಮಾಡಿಸುವುದು ಶಾಲೆಯ ಕೆಲಸವಲ್ಲವೆಂದು ನಾನು ಹೇಳುವುದಿಲ್ಲ. ಮಗ್ಗಿಯೂ ಅಮರಕೋಶವೂ ಬಾಯಿಪಾಠದಿಂದಲೇ ಬರುತ್ತವೆ. ಅರ್ಥ ತಿಳಿಯುವ ಮೊದಲೇ ನಾಲಗೆಗೆ ಹತ್ತಿಸುವ ಪಾಠಗಳನ್ನು ನಾನು ಕಲಿತವನು, ಕಲಿಸಿದವನು. ಆದರೆ ಬಾಯಿಪಾಠ ಮಾಡಿಸಿದ ಗುರುವಿಗೆ ಅನಂತರ ಅರ್ಥ ಹೇಳುವ ಋಣವಿರುತ್ತದೆ. ಆ ಋಣವನ್ನು ತೀರಿಸದೆ, ಗಂಟೆ ಬಾರಿಸಿದರೆ ಏಳುವ, ಪ್ರಶ್ನೆ ಕಂಡರೆ ಉತ್ತರವನ್ನು ಉಗುಳುವ, ಅಂಕ ಬಿದ್ದರೆ ಹಿಗ್ಗುವ ಮಕ್ಕಳನ್ನಷ್ಟೇ ನಾವು ಹೊರಗೆ ಕಳುಹಿಸಿದರೆ, ಹ್ಯಾಮ್‌ನನ್ನು ಪಳಗಿಸಿದವರಿಗಿಂತ ನಾವು ಹೆಚ್ಚಿನವರೆನಿಸುವುದಿಲ್ಲ. ಕಲಿತದ್ದು ಏಕೆಂದು ಕೇಳದವನನ್ನು ನಾಳೆ ಯಾರು ಬೇಕಾದರೂ ಒಂದು ಸಂಕೇತದಿಂದ ಎಬ್ಬಿಸಿಯಾರು. ಆ ಸಂಕೇತ ಜಾತಿಯ ಹೆಸರಿನಲ್ಲಿ ಬರಬಹುದು, ಪಕ್ಷದ ಹೆಸರಿನಲ್ಲಿ ಬರಬಹುದು, ಅಂಗೈಯಲ್ಲಿರುವ ದೂರವಾಣಿಯ ಹೊಳಪಿನಲ್ಲಿಯೂ ಬರಬಹುದು. ಕೇಳಿದೊಡನೆ ಕೈ ಮೇಲೇಳುವುದು. ಏಕೆ ಎದ್ದಿತೆಂದು ಮನಸ್ಸಿಗೆ ತಿಳಿಯದು.

ವಿದ್ಯಾರ್ಥಿಗಳು ಬೆಳೆದು ಇಂಥ ಚಿತ್ರವನ್ನು ನೋಡುವ ದಿನ ಬಂದಾಗ ಧಾರಾಳವಾಗಿ ನಗಲಿ; ನಗೆ ಪಾಪವಲ್ಲ. ನಕ್ಕು ಮುಗಿದ ಮೇಲೆ ಮಾತ್ರ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಬಾಣವನ್ನು ಎಸೆದವರು ಯಾರು? ನನ್ನ ಕೈಯಲ್ಲಿರುವ ವಿದ್ಯೆ ನನ್ನದೆಂದು ನಾನು ಬಲ್ಲೆನೇ? ಮೊದಲನೆಯದು ಮೈಕ್ ಕೇಳದೆ ಬಿಟ್ಟ ಪ್ರಶ್ನೆ. ಎರಡನೆಯದನ್ನು ಕೇಳಿಕೊಳ್ಳಲು ಕಲಿಸುವುದಕ್ಕಾಗಿಯೇ ಶಾಲೆಗಳಿವೆ.